ಹಗ್ಗ ಬಿಗಿದ ಹಡಗು

ಪಚ್ಚ ಕರ್ಪೂರದ ವಾಸನೆ ಮೂಗಿಗೆ ಬಿದ್ದರೆ ಎಲ್ಲರಿಗೂ ದೇವಸ್ಥಾನ ನೆನಪಾಗುತ್ತದೆ. ನನಗೆ ಹಡಗು ನೆನಪಾಗುತ್ತದೆ. ಮೊನ್ನೆ ನಾಗಮಂಗಲದಲ್ಲಿ ತಂಗಿಯ ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಅಡುಗೆಯವರು ಸಕ್ಕರೆ ಪೊಂಗಲಿಗೆ ಪಚ್ಚ ಕರ್ಪೂರವನ್ನು ಒಂದು ಚಿಟಿಕೆ ಹೆಚ್ಚೇ ಹಾಕಿದ್ದರು. ಪಂಕ್ತಿಯಲ್ಲಿ ಕೂತವರೆಲ್ಲ ಮುಖ ಸಿಂಡರಿಸಿದರು. ನಾನು ಮಾತ್ರ ಎಲೆಯ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂತುಬಿಟ್ಟೆ. ತಂಗಿ ಬಂದು, “ಯಾಕಕ್ಕ, ಸೇರ್ನಿಲ್ವಾ?” ಅಂದಳು. ಸೇರದೆ ಏನು. ಕಣ್ಣ ಮುಂದೆ ನಾಲ್ಕು ಹೊಗೆಗೊಳವೆಯ ಒಂದು ಕಪ್ಪು ಹಡಗು ಬಂದು ನಿಂತಿತ್ತು. ಪೊಂಗಲಿನ ಎಲೆಯ ಮುಂದೆ ಅದನ್ನೆಲ್ಲ ಅವಳಿಗೆ ಹೇಳುವುದು ಹೇಗೆ?

ತೊಂಬತ್ತರ ದಶಕದ ನಡುಭಾಗದ ಮಾತು. ನಾನಾಗ ಶ್ರೀರಂಗಪಟ್ಟಣದ ಅಂಚೆ ಕಚೇರಿಯಲ್ಲಿ ಗುಮಾಸ್ತೆ. ಊರು ಚಿನಕುರಳಿ. ರಾಗಿ, ಕಬ್ಬು, ಎರಡು ಎಮ್ಮೆ ಇದ್ದ ಮನೆಯಿಂದ ಸರ್ಕಾರಿ ಕೆಲಸಕ್ಕೆ ಹೊರಟವಳು ನಾನೇ ಮೊದಲು. ಬೆಳಗ್ಗೆ ಪಾಂಡವಪುರಕ್ಕೆ ಒಂದು ಬಸ್ಸು, ಅಲ್ಲಿಂದ ಪಟ್ಟಣಕ್ಕೆ ಇನ್ನೊಂದು. ಕೆಲಸಕ್ಕೆ ಸೇರಿದ ಹೊಸದು, ನಿಯಮ ಅಂದರೆ ನಿಯಮ ಎನ್ನುವ ಹುರುಪು. ನನ್ನ ನಾಲಿಗೆಗೆ ಹೆದರಿ ಜನ ಪಕ್ಕದ ಕಿಟಕಿಗೆ ಸಾಲು ನಿಲ್ಲುತ್ತಿದ್ದರು ಅಂತ ನಮ್ಮ ಪೋಸ್ಟ್‌ಮನ್ ಚಿಕ್ಕೇಗೌಡ ಈಗಲೂ ಸಿಕ್ಕಿದಾಗ ಆಡಿಕೊಳ್ಳುತ್ತಾನೆ. ಸುಳ್ಳೇನಲ್ಲ.

ಆಷಾಢದ ಜಿಟಿಜಿಟಿ ಮಳೆಯ ಒಂದು ಬೆಳಗ್ಗೆ, ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿದ, ಹಣೆಯ ಮೇಲೆ ನಾಮ ಇಟ್ಟ ಹಿರಿಯರೊಬ್ಬರು ನನ್ನ ಕಿಟಕಿಗೆ ಬಂದು ಬಟ್ಟೆಯಲ್ಲಿ ಹೊಲಿದ ಒಂದು ಡಬ್ಬಿ ಇಟ್ಟರು. ಬಟ್ಟೆಯ ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿತ್ತು.

“ಇದ್ರಲ್ಲಿ ಏನಿದೆ? ಎಣ್ಣೆ ಪದಾರ್ಥ ಕಳಿಸೋ ಹಾಗಿಲ್ಲ,” ಅಂದೆ.

“ಎಣ್ಣೆ ಅಲ್ಲಮ್ಮ. ಪುಳಿಯೋಗರೆ ಗೊಜ್ಜು.”

“ಗೊಜ್ಜಿನಿಂದ ಆಚೆ ಬರ್ತಿರೋದು ಏನು ಮತ್ತೆ?”

ಅವರು ಡಬ್ಬಿಯನ್ನು ತಿರುಗಿಸಿ ನೋಡಿದರು. “ಅದು ಎಣ್ಣೆ,” ಅಂದರು. ತಪ್ಪಿಸಿಕೊಳ್ಳುವ ಯೋಚನೆಯೇ ಆ ಮುಖದಲ್ಲಿ ಇರಲಿಲ್ಲ. ನನಗೆ ನಗು ಬಂತು, ತಡೆದುಕೊಂಡೆ. ವಿಳಾಸ ನೋಡಿದರೆ ಸ್ಕಾಟ್ಲೆಂಡ್. ಇಲ್ಲಿಂದ ಮೈಸೂರಿಗೆ ಹೋಗುವಷ್ಟರಲ್ಲಿ ಚೀಲದ ಕಾಗದವನ್ನೆಲ್ಲ ಜಿಡ್ಡು ಮಾಡುವ ಈ ಡಬ್ಬಿ ಅಷ್ಟು ದೂರ ಹೋಗಿ ಯಾರಿಗೆ ಏನಾಗಬೇಕು ಅಂತ ಕೇಳಿದೆ. ಅವರು ಶಲ್ಯದ ಒಳಗಿಂದ ಒಂದು ಕಾರ್ಡು ತೆಗೆದು, ಮಳೆ ಹನಿ ತಾಗದಂತೆ ಅಂಗೈ ಮರೆ ಮಾಡಿ, ಕಿಟಕಿಯ ಒಳಕ್ಕೆ ಚಾಚಿದರು. ಗೊಜ್ಜಿಗೆ ಬದಲಾಗಿ ಆ ಕಡೆಯಿಂದ ಬರುವುದು ಇದು ಅಂದರು.

ಹಳೆಯ ಕಾರ್ಡು. ಅಂಚು ಚಹಾದ ಬಣ್ಣಕ್ಕೆ ತಿರುಗಿತ್ತು. ಮೊದಲು ನದಿ ದಂಡೆಯ ಮೇಲಿನ ಯಾವುದೋ ದೊಡ್ಡ ಕಟ್ಟಡ ಅಂದುಕೊಂಡೆ. ಸಾಲು ಸಾಲು ಕಿಟಕಿ, ಒಂದರ ಮೇಲೊಂದು ಅಂತಸ್ತು, ತುದಿಯಲ್ಲಿ ನಾಲ್ಕು ಕೊಳವೆ. ಆಮೇಲೆ ಕಣ್ಣು ಕೆಳಗಿಳಿಯಿತು. ಕಟ್ಟಡದ ಬುಡದಲ್ಲಿ ನೆಲವೇ ಇರಲಿಲ್ಲ. ಮೇಲಿನ ಕಟಾಂಜನಕ್ಕೆ ಒರಗಿ ಎಳ್ಳಿನ ಕಾಳಿನಷ್ಟು ಜನ ನಿಂತಿದ್ದರು. ಅವರಲ್ಲಿ ಒಬ್ಬಳು ಹೆಂಗಸು ಕೈ ಎತ್ತಿದ್ದಳು. ಅಷ್ಟು ಜನ, ಅಷ್ಟು ಕಬ್ಬಿಣ, ಅಷ್ಟು ಕಿಟಕಿ, ಎಲ್ಲವೂ ನೀರಿನ ಮೇಲೆ. ಅಲ್ಲಿಯವರೆಗೆ ನಾನು ನೋಡಿದ್ದ ದೊಡ್ಡ ತೇಲುವ ವಸ್ತು ಅಂದರೆ ಸಂಗಮದ ಹರಿಗೋಲು. ಹಿಂದೆ ನಿಂತಿದ್ದವರು ಗೊಣಗುವವರೆಗೂ ನಾನು ಕಾರ್ಡು ವಾಪಸ್ಸು ಕೊಡಲಿಲ್ಲ.

“ಡಬ್ಬಿ ಮುಚ್ಚಳಕ್ಕೆ ಮೇಣ ಹಾಕಿಸ್ಕೊಂಡು ನಾಳೆ ತನ್ನಿ,” ಅಂದೆ. ನಿಯಮ ಎಲ್ಲಿ ಹೋಯಿತೋ ಗೊತ್ತಿಲ್ಲ.

ಅವರು ಸಂಪತ್ಕುಮಾರಾಚಾರ್ಯರು. ಕೋಟೆಯ ಒಳಗೆ, ನದಿಗೆ ಇಳಿಯುವ ಮೆಟ್ಟಿಲ ಪಕ್ಕದಲ್ಲಿದ್ದ ಒಂದು ಚಿಕ್ಕ ನಾರಾಯಣನ ಗುಡಿಗೆ ಅರ್ಚಕರು. ಮೂಲ ಮೇಲುಕೋಟೆಯ ಮನೆತನ. ಡಬ್ಬಿಯನ್ನು ತೆಗೆದುಕೊಂಡ ಋಣಕ್ಕೋ ಏನೋ, ಮುಂದಿನ ಶನಿವಾರ ಅರ್ಧ ದಿನದ ಕೆಲಸ ಮುಗಿದ ಮೇಲೆ ಮನೆಗೆ ಬಾ ಅಂತ ಕರೆದರು. ಹೋದೆ.

ಅವರ ಹೆಂಡತಿ ವೈದೇಹಮ್ಮ ಬಾಗಿಲಲ್ಲೇ ಹೇಳಿದರು: “ಹಡಗು ನೋಡೋಕೆ ಬಂದ್ಯೇನಮ್ಮ? ಬಾ. ನಮ್ಮನೇಲಿ ಇರೋಷ್ಟು ಹಡಗು ಯಾವ ಮಹಾರಾಜರ ಹತ್ರಾನೂ ಇರಲಾರದು. ಒಂದರಲ್ಲೂ ಮೈಸೂರಿಗೆ ಹೋಗಿ ಬರೋಕಾಗಲ್ಲ, ಅಷ್ಟೇ.”

ಆಚಾರ್ಯರು ತಗಡಿನ ಎರಡು ಪೆಟ್ಟಿಗೆ ತಂದು ಇಟ್ಟು ಮುಚ್ಚಳ ತೆಗೆದರು. ಪಚ್ಚ ಕರ್ಪೂರದ ವಾಸನೆ ಗಮ್ಮೆಂದು ಎದ್ದಿತು. ಹುಳ ಹಿಡಿಯದಿರಲೆಂದು ಕಾರ್ಡುಗಳ ನಡುವೆ ಪುಟ್ಟ ಪುಟ್ಟ ಪೊಟ್ಟಣ ಇಟ್ಟಿದ್ದರು. ಮೈಸೂರಿನ ಹಳೇ ಕಾಗದದ ಅಂಗಡಿಗಳಲ್ಲಿ ಹುಡುಕಿದ್ದು, ಗುಡಿ ನೋಡಲು ಬಂದ ಪರದೇಶದವರು ಊರಿಗೆ ಹೋಗಿ ನೆನಪಿಟ್ಟು ಕಳಿಸಿದ್ದು, ಉಳಿದದ್ದೆಲ್ಲ ಸ್ಕಾಟ್ಲೆಂಡಿನ ಡಂಕನ್ ಎಂಬ ಮುದುಕರಿಂದ ಬಂದದ್ದು. ಡಂಕನ್ ಹಡಗಿನ ಯಂತ್ರದ ಕೋಣೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಒಮ್ಮೆ ಪ್ರವಾಸಕ್ಕೆ ಬಂದು ಈ ಮನೆಯಲ್ಲಿ ಪುಳಿಯೋಗರೆ ತಿಂದು ಹೋದ ಮೇಲೆ ಆ ರುಚಿ ಬಿಡಲಾಗದೆ ಈ ಕೊಡು-ಕೊಳ್ಳುವಿಕೆಗೆ ಬಿದ್ದಿದ್ದರು. ನಮ್ಮ ಚಿಕ್ಕೇಗೌಡನ ಬಾಯಲ್ಲಿ ಅವರು ಡಂಕಣ್ಣ. “ಐನೋರೆ, ಡಂಕಣ್ಣ ಕಾಯ್ದ ಆಕವ್ನೆ,” ಅಂತ ಬೀದಿಯ ತುದಿಯಿಂದಲೇ ಕೂಗುತ್ತಿದ್ದ.

ಪೆಟ್ಟಿಗೆ ಯಾಕೆ ಎರಡು ಅಂತ ಕೇಳಿದೆ. “ಇದರಲ್ಲಿರೋವು ಹೋಗಿ ಬರೋವು,” ಅಂದರು ಚಿಕ್ಕ ಪೆಟ್ಟಿಗೆ ತೋರಿಸಿ. “ಇದರಲ್ಲಿರೋವು ಹೋಗೋವು.” ಚಿಕ್ಕದರಲ್ಲಿ ದಡದಿಂದ ದಡಕ್ಕೆ ಜನ ಸಾಗಿಸುವ ಫೆರಿಗಳು. ಟೋಪಿ ಹಾಕಿದ ಗಂಡಸರು, ಬುಟ್ಟಿ ಹಿಡಿದ ಹೆಂಗಸರು, ಸಂಜೆ ಮನೆಗೆ ಮರಳುವವರು. ದೊಡ್ಡದರಲ್ಲಿ ಸಾಗರ ದಾಟುವ ಹಡಗುಗಳು. ಅವನ್ನು ತೋರಿಸುವಾಗ ಆಚಾರ್ಯರ ದನಿ ತಾನಾಗಿ ಇಳಿಯುತ್ತಿತ್ತು. ಒಂದು ಕಾರ್ಡಿನಲ್ಲಿ ಹಡಗನ್ನು ಹಲಸಿನ ಹಣ್ಣಿನಂತೆ ಸೀಳಿ ಒಳಗನ್ನು ಬಿಡಿಸಿದ್ದರು. “ನೋಡು, ತಳದಲ್ಲಿ ಬೆಂಕಿ. ಅದರ ಮೇಲೆ ಉಗ್ರಾಣ. ಅದರ ಮೇಲೆ ಮಡಪಳ್ಳಿ, ಒಂದು ಹೊತ್ತಿಗೆ ಸಾವಿರ ಜನಕ್ಕೆ ಅಡುಗೆ. ಮೇಲೆ ಪಡಸಾಲೆ. ಮೇಲೊಂದು ಕಲ್ಯಾಣಿ, ಈಜೋಕೆ. ಇಷ್ಟನ್ನೂ ಹೊತ್ಕೊಂಡು ಇದು ಮುಳುಗಲ್ಲ, ನೋಡಮ್ಮ. ನಾವು ಒಂದು ಕಾಸು ಹಾಕಿದ್ರೆ ಮುಳುಗುತ್ತೆ, ಇದು ಮುಳುಗಲ್ಲ. ಯಾರೋ ಮನುಷ್ಯರು ಕೂತು ಇದನ್ನ ಯೋಚನೆ ಮಾಡಿದ್ರಲ್ಲ.”

ಆ ಮಳೆಗಾಲವೆಲ್ಲ ನನ್ನ ಶನಿವಾರಗಳು ಆ ಪೆಟ್ಟಿಗೆಗಳ ಮುಂದೆ ಕಳೆದವು. ಡಂಕನ್ ಅವರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದುಕೊಡುವ ಕೆಲಸವೂ ನನ್ನದಾಯಿತು. ಕಚೇರಿಗೆ ಬರುವ ಹಳಬರನ್ನು ನಾನೂ ಕೇಳತೊಡಗಿದೆ. ಅಟ್ಟದಲ್ಲಿ ಹಳೆಯ ಚಿತ್ರದ ಕಾರ್ಡು ಏನಾದರೂ ಇದೆಯೇ, ಹಡಗಿನದು? ಕೆ.ಆರ್. ಪೇಟೆಯ ಒಬ್ಬ ನಿವೃತ್ತ ಮೇಷ್ಟ್ರ ಮನೆಯಲ್ಲಿ ಒಂದು ಸಿಕ್ಕಿತು. ಯಾರೋ ಪೂರ್ವಿಕರು ಸಿಪಾಯಿಯಾಗಿ ಹೋದವರು ಕಳಿಸಿದ್ದಂತೆ. ಹೊಗೆ ಕಾರುವ ಹಡಗು, ಹಿಂದೆ ‘ಕ್ಷೇಮ’ ಎಂದು ಒಂದೇ ಪದ. ಅದನ್ನು ಕೊಟ್ಟ ದಿನ ಆಚಾರ್ಯರು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಆ ಒಂದು ಪದವನ್ನು ಮತ್ತೆ ಮತ್ತೆ ಓದಿದರು. ನನ್ನ ಸಂತೋಷಕ್ಕೆ ಪಾರವೇ ಇರಲಿಲ್ಲ.

ಆವತ್ತೇ ಕೇಳಿದೆ. “ಇಷ್ಟು ಆಸೆ ಇದೆ. ಒಂದು ಸಲ ಹೋಗಿ ನೋಡಬಾರ್ದಾ ಸ್ವಾಮಿ?”

ಆಗ ಹೇಳಿದರು. ಅವರ ಮನೆತನದ ಕಟ್ಟು ಅದು. ಮೂಲ ವಿಗ್ರಹವನ್ನು ಮುಟ್ಟಿ ಪೂಜೆ ಮಾಡುವವನು ಸಮುದ್ರ ದಾಟುವಂತಿಲ್ಲ. ದಾಟಿದರೆ ಆ ಕೈ ಮತ್ತೆ ವಿಗ್ರಹವನ್ನು ಮುಟ್ಟುವಂತಿಲ್ಲ. ಅವರ ದೊಡ್ಡಪ್ಪ ಒಬ್ಬರು ಯಾರದೋ ಕರೆಗೆ ರಂಗೂನಿಗೆ ಹೋಗಿ ಬಂದಿದ್ದರಂತೆ. “ಬಂದ ಮೇಲೆ ದಿನಾ ಬರೋರು. ಗರ್ಭಗುಡಿ ಮುಂದೆ ಎಲ್ಲರ ಜೊತೆ ನಿಂತು ಮಂಗಳಾರತಿ ತಗೊಂಡು ಹೋಗೋರು. ತಾವೇ ಅಲಂಕಾರ ಮಾಡ್ತಿದ್ದ ದೇವರನ್ನ ದೂರದಿಂದ ನೋಡೋರು. ಸಾಯೋ ತನಕ ಹಾಗೇ.” ಪೆಟ್ಟಿಗೆಯ ಮುಚ್ಚಳ ಹಾಕುತ್ತ, “ನಾನು ಸಮುದ್ರ ನೋಡೇ ಇಲ್ಲಮ್ಮ. ನೋಡಿದ್ರೆ ದಾಟಬೇಕು ಅನ್ಸುತ್ತೆ ಅಂತ ನೋಡೇ ಇಲ್ಲ,” ಅಂದರು.

ಭಾದ್ರಪದದಲ್ಲಿ ಡಂಕನ್ ಅವರ ಕಾರ್ಡು ಬಂತು. ತೆರೆದ ಕಾರ್ಡಾದ್ದರಿಂದ ನಮ್ಮ ಕಚೇರಿಯವರೆಲ್ಲ ಅದನ್ನು ಓದಿದ್ದೆವು. ದೀಪಾವಳಿ ಕಳೆದ ಮೇಲೆ ಅವರು ಒಂದು ಪ್ರಯಾಣಿಕರ ಹಡಗಿನಲ್ಲಿ ಈ ಕಡೆ ಬರುತ್ತಾರೆ. ಹಡಗು ಕೊಚ್ಚಿಯಲ್ಲಿ ಒಂದು ಹಗಲು ನಿಲ್ಲುತ್ತದೆ. ಕಾಲು ನೋವಿನಿಂದ ಶ್ರೀರಂಗಪಟ್ಟಣದ ತನಕ ಬರಲಾಗದು, ಇದೇ ತನ್ನ ಕೊನೆಯ ಪ್ರಯಾಣ. ಆಚಾರ್ಯರು, ಅವರ ಹೆಂಡತಿ, ಕಾಗದ ಬರೆದುಕೊಡುವ ಅಂಚೆಯ ಹುಡುಗಿ, ಮೂವರಿಗೂ ಹಡಗು ಹತ್ತಲು ಪಾಸು ಮಾಡಿಸಿದ್ದೇನೆ. ಬನ್ನಿ.

ನಾನು ಓದಿ ಹೇಳಿದ ಮೇಲೆ ಆಚಾರ್ಯರು ಎದ್ದು ಹಿತ್ತಲಿಗೆ ಹೋದರು. ಬಾವಿಯಿಂದ ನೀರು ಸೇದಿದ ಸದ್ದು ಕೇಳಿಸಿತು. ವಾಪಸ್ಸು ಬಂದಾಗ ಮುಖ ಒದ್ದೆಯಾಗಿತ್ತು. “ಹಡಗು ನಿಂತಿರುತ್ತೆ ಅಂತಾನಲ್ಲ,” ಅಂದರು. “ದಾಟೋದಿಲ್ಲ. ಹತ್ತೋದು, ಇಳಿಯೋದು. ಅದಕ್ಕೂ ದೋಷ ಇದ್ಯಾ?”

ಇದನ್ನು ತಾವೇ ತೀರ್ಮಾನ ಮಾಡಿಕೊಂಡು ಬಸ್ಸು ಹತ್ತುವ ಪೈಕಿ ಅಲ್ಲ ಅವರು. ಮೇಲುಕೋಟೆಗೆ ಹೋಗಿ ಹಿರಿಯರನ್ನು ಕೇಳಬೇಕು ಅಂದರು. ಒಂದು ಭಾನುವಾರ ನಾನು ಚಿನಕುರಳಿಯಿಂದ, ಅವರು ಪಟ್ಟಣದಿಂದ ಹೋಗಿ ಬೆಟ್ಟದ ಮೇಲೆ ಸೇರಿದೆವು. ಕಾರ್ಡನ್ನು ಓದಿ ಅರ್ಥ ಹೇಳಲು ನಾನು ಬೇಕಿತ್ತು. ಕಲ್ಯಾಣಿಯ ಹತ್ತಿರದ ಒಂದು ಮನೆಯ ಜಗಲಿಯಲ್ಲಿ ಮೂವರು ವಿದ್ವಾಂಸರು ಕೂತಿದ್ದರು. ನಾನು ಮೆಟ್ಟಿಲ ಮೇಲೆ ಕೂತೆ.

ಚರ್ಚೆ ಶುರುವಾಯಿತು. ಹಡಗು ನೆಲವೋ, ನೀರೋ? ತೆಳ್ಳನೆಯ ವಿದ್ವಾಂಸರೊಬ್ಬರು, ಕಾಲ ಕೆಳಗೆ ಸಮುದ್ರ ಇದ್ದ ಮೇಲೆ ಭೂಮಿ ಬಿಟ್ಟ ಹಾಗೇ ಅಂದರು. ಎರಡನೆಯವರು, ಹಗ್ಗದಿಂದ ದಡಕ್ಕೆ ಕಟ್ಟಿರುವಾಗ ಅದು ದಡದ್ದೇ ಒಂದು ಭಾಗ ಅಂದರು. ಮಾತು ಸಂಸ್ಕೃತಕ್ಕೆ ಹೋಯಿತು, ಕನ್ನಡಕ್ಕೆ ಬಂತು. ನಡುವೆ ಕಾಫಿಯೂ ಬಂತು.

“ಹಗ್ಗ ಬಿಚ್ಚಿಕೊಂಡರೆ?” ಅಂದರು ತೆಳ್ಳನೆಯವರು.

“ಎಷ್ಟು ಹಗ್ಗ ಕಟ್ಟಿರ್ತಾರೆ?” ಅಂತ ಎರಡನೆಯವರು ಆಚಾರ್ಯರನ್ನು ಕೇಳಿದರು.

ಆಚಾರ್ಯರು ಸೊಂಟದಿಂದ ಒಂದು ಕಾರ್ಡು ತೆಗೆದರು. ಬಂದರಿನಲ್ಲಿ ನಿಂತ ಹಡಗಿನದು, ಹಗ್ಗಗಳು ಕಾಣುವಂಥದ್ದು. ಅದು ಕೈಯಿಂದ ಕೈಗೆ ಹೋಯಿತು. ಅಲ್ಲಿಗೆ ತರ್ಕ ನಿಂತೇ ಹೋಯಿತು. ಒಬ್ಬರು ಕನ್ನಡಕ ಹಾಕಿಕೊಂಡರು, ಒಬ್ಬರು ಬೆಳಕಿಗೆ ತಿರುಗಿಸಿ ಹಿಡಿದರು. ಅದುವರೆಗೆ ಬಾಯಿ ಬಿಡದಿದ್ದ ಮೂರನೆಯವರು, ಎಲ್ಲರಿಗಿಂತ ಹಿರಿಯರು, ಕಾರ್ಡನ್ನು ಕಣ್ಣಿಗೆ ಹತ್ತಿರ ತಂದುಕೊಂಡು, “ಇದರಲ್ಲಿ ಅಡುಗೆಮನೆ ಎಲ್ಲಿ ಬರುತ್ತಪ್ಪ?” ಅಂದರು. ಆಚಾರ್ಯರು ತೋರಿಸಿದರು. ಎಷ್ಟು ಜನಕ್ಕೆ ಅಡುಗೆ ಅಂದರು. ಹೇಳಿದರು. ಆ ಹಿರಿಯರು ತಲೆ ಅಲ್ಲಾಡಿಸುತ್ತ, “ನಾರಾಯಣ, ನಾರಾಯಣ,” ಅಂದುಕೊಂಡರು. ಅವರೇ ತೀರ್ಪು ಕೊಟ್ಟಿದ್ದು. ಹಗ್ಗ ಬಿಗಿದಿರುವಷ್ಟು ಹೊತ್ತು ಹತ್ತಬಹುದು. ಅಲ್ಲಿ ಏನನ್ನೂ ತಿನ್ನಬಾರದು, ಕುಡಿಯಬಾರದು. ಬೇರೆ ಯಾವ ದೋಣಿಯಲ್ಲೂ ಉಪ್ಪುನೀರು ದಾಟಬಾರದು. ಬಂದ ಮೇಲೆ ಸ್ನಾನ ಮಾಡಿ ಜನಿವಾರ ಬದಲಾಯಿಸಬೇಕು. ಹೆಂಡತಿಗೂ ಇದೇ ಕಟ್ಟು. ಬೆಟ್ಟ ಇಳಿಯುವಾಗ ಆಚಾರ್ಯರು ನನಗಿಂತ ಮುಂದಿದ್ದರು.

ನಮ್ಮ ಮನೆಯಲ್ಲಿ ಅವ್ವ ಸುಲಭಕ್ಕೆ ಒಪ್ಪಲಿಲ್ಲ. “ಅಲ್ಲ ಕನಮ್ಮಿ, ಮೂರು ದಿನ ರಜಾ ಆಕ್ಬುಟ್ಟು ಅಡಗು ನೋಡಕ್ಕೆ ಓಯ್ತೀನಿ ಅಂತೀಯಲ್ಲ, ಅದ್ರಲ್ಲಿ ಏನದೆ ಅಂತದ್ದು?” ಅಂದಳು. “ಐನೋರು, ಅಮ್ಮೋರು ಇಬ್ರೂ ಬತ್ತಾವ್ರೆ ಕನವ್ವ,” ಅಂದೆ. “ಅವ್ರು ಇದ್ರೆ ಸರಿ ಬುಡು,” ಅಂತ ಒಪ್ಪಿದಳು.

ಆ ವರ್ಷ ಮುಂಗಾರಿಗೇ ಕನ್ನಂಬಾಡಿ ಕಟ್ಟೆ ತುಂಬಿತ್ತು. ಹಿಂಗಾರೂ ಬಿಡದೆ ಹಿಡಿದುಕೊಂಡಿತು. ದೀಪಾವಳಿಯ ದೀಪಗಳು ಮಳೆಯಲ್ಲೇ ಆರಿದವು. ಕಟ್ಟೆಯ ಬಾಗಿಲು ತೆಗೆಯುತ್ತಾರಂತೆ ಎಂದು ಡಂಗುರ ಸಾರಿಸಿದ ದಿನ, ನಮ್ಮ ಪ್ರಯಾಣಕ್ಕೆ ಒಂದೇ ದಿನ ಬಾಕಿ ಇತ್ತು. ಆಚಾರ್ಯರು ಇಲ್ಲದಾಗ ಪೂಜೆ ನೋಡಿಕೊಳ್ಳಲು ಕೆ.ಆರ್. ಪೇಟೆ ಕಡೆಯಿಂದ ಅವರ ಷಡ್ಡಕರು ಬಂದಿದ್ದರು. ಮಧ್ಯಾಹ್ನ ನಾನು ಕಚೇರಿಯಿಂದ ಗುಡಿಗೆ ಹೋದೆ.

ಅಂಥ ಕಾವೇರಿಯನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಬಂಡೆ, ಮರಳು, ಬಟ್ಟೆ ಒಗೆಯುವ ಕಲ್ಲು ಒಂದೂ ಕಾಣುತ್ತಿರಲಿಲ್ಲ. ಆಚೆ ದಡದ ಮರಗಳು ನೀರಿನಲ್ಲಿ ಸೊಂಟದವರೆಗೆ ನಿಂತಿದ್ದವು. ಕೆಂಪು ನೀರು ಸದ್ದೇ ಮಾಡದೆ, ತುಂಬ ವೇಗವಾಗಿ, ಒಂದು ಇಡೀ ಹುಣಸೆ ಮರವನ್ನು ಬೇರಿನ ಸಮೇತ ಹೊತ್ತುಕೊಂಡು ಹೋಯಿತು. ಅದರ ಕೊಂಬೆಯ ಮೇಲೆ ಒಂದು ಕೊಕ್ಕರೆ ಕೂತಿತ್ತು. ಗುಡಿಯ ಮೆಟ್ಟಿಲುಗಳು ಒಂದೊಂದಾಗಿ ಮುಳುಗುತ್ತಿದ್ದವು. ಆಚಾರ್ಯರು ಮೇಲಿನ ಮೆಟ್ಟಿಲಲ್ಲಿ ನಿಂತು ನೀರನ್ನೇ ನೋಡುತ್ತಿದ್ದರು.

ಷಡ್ಡಕರು, “ನಾನಿದ್ದೀನಲ್ಲ, ನೀವು ಹೊರಡಿ,” ಅಂದರು.

“ಉತ್ಸವಮೂರ್ತಿನ ಮನೆಗೆ ತಗೊಂಡು ಹೋಗಬಹುದು. ಮೂಲದೇವರನ್ನ ಎಲ್ಲಿಗೆ ತಗೊಂಡು ಹೋಗ್ತೀರಿ?” ಅಂದರು ಆಚಾರ್ಯರು. ಆಮೇಲೆ ಪಕ್ಕದಲ್ಲಿದ್ದ ವೈದೇಹಮ್ಮನ ಕಡೆ, ನನ್ನ ಕಡೆ ತಿರುಗಿದರು. “ನೀರು ಒಳಗೆ ಬರೋ ಹೊತ್ತಲ್ಲಿ ಅವನೊಬ್ಬನ್ನೇ ಬಿಟ್ಟು ನಾನು ಹಡಗು ನೋಡ್ತಾ ನಿಂತಿದ್ರೆ, ಅದು ನನ್ನ ಕಣ್ಣಿಗೆ ಕಾಣುತ್ತಾ? ನೀವಿಬ್ರೂ ಹೋಗಿ ಬನ್ನಿ.”

ವೈದೇಹಮ್ಮ ಒಪ್ಪಲಿಲ್ಲ. ಕಾರ್ಡುಗಳನ್ನು ಅಷ್ಟು ವರ್ಷ ಹಂಗಿಸಿದವರು, “ಆಸೆಪಟ್ಟೋರು ನೀವು, ನೋಡೋದು ನಾನಾ? ನನಗ್ಯಾಕೆ ಅದು?” ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಚಾರ್ಯರು, “ಡಂಕನ್ ಕಾದಿರ್ತಾನೆ. ಗೊಜ್ಜನ್ನಾದ್ರೂ ಕೈಯಾರೆ ಕೊಟ್ಟು ಬಾ,” ಅಂದರು. ಆ ಮಾತು ತೆಗೆದುಹಾಕಲು ಆಕೆಗೆ ಆಗಲಿಲ್ಲ. ನನಗೆ ಆಚಾರ್ಯರ ಮುಖ ನೋಡುವುದೇ ಕಷ್ಟವಾಗಿತ್ತು.

ಮಾರನೆಯ ಸಂಜೆ ಮೈಸೂರಿನಿಂದ ಬಸ್ಸು ಹತ್ತಿ ಬೆಳಗ್ಗೆ ಎರ್ನಾಕುಲಂ ತಲುಪಿದೆವು. ವೈದೇಹಮ್ಮ ದಾರಿಯಲ್ಲಿ ಹೊರಗಿನ ನೀರು ಮುಟ್ಟುವವರಲ್ಲ. ತಿರುಪಿನ ಮುಚ್ಚಳದ ಒಂದು ಹಿತ್ತಾಳೆ ಕೂಜದಲ್ಲಿ ಮನೆಯ ನೀರು ತುಂಬಿಸಿ ತಂದಿದ್ದರು. ಊರಿನ ಅಂಚಿಗೆ ಬಂದರೆ ಎದುರಿಗೇ ಫೆರಿ. ಛತ್ರಿ, ತರಕಾರಿ ಚೀಲ, ಶಾಲೆಯ ಮಕ್ಕಳು, ಎಲ್ಲ ತುಂಬಿಕೊಂಡು ಅದು ಹಿನ್ನೀರಿನಲ್ಲಿ ತಡತಡ ಎಂದು ಹೊರಟಿತು. ವೈದೇಹಮ್ಮ ಅದನ್ನು ಕಣ್ಣಿನಿಂದ ಮರೆಯಾಗುವ ತನಕ ನೋಡಿದರು. “ಅವರ ಚಿಕ್ಕ ಪೆಟ್ಟಿಗೇದು,” ಅಂದರು. ಆದರೆ ಮೇಲುಕೋಟೆಯ ತೀರ್ಪಿನಂತೆ ಅದನ್ನು ಹತ್ತುವಂತಿರಲಿಲ್ಲ. ನಾವು ಆಟೋದಲ್ಲಿ ಸೇತುವೆಯ ಮೇಲೆ ಬಂದರಿಗೆ ಹೋದೆವು.

ಗೇಟಿನಲ್ಲಿ ಹೆಸರು ಹೇಳಿ ಪಾಸು ಪಡೆದು, ಉಗ್ರಾಣದಂಥ ಒಂದು ಕಟ್ಟಡದ ಮೂಲೆ ತಿರುಗಿದೆವು. ಆಕಾಶ ಇರಬೇಕಾದ ಕಡೆ ಬಿಳಿಯ ಕಬ್ಬಿಣ ಇತ್ತು.

ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ತಲೆ ಎತ್ತಿದೆ, ಇನ್ನೂ ಎತ್ತಿದೆ. ಕಿಟಕಿಯ ಸಾಲಿನ ಮೇಲೆ ಕಿಟಕಿಯ ಸಾಲು. ಮೇಲಿನ ಕಟಾಂಜನಕ್ಕೆ ಒರಗಿದವರು ಕಾರ್ಡಿನಲ್ಲಿ ಕಂಡಷ್ಟೇ ಚಿಕ್ಕವರು. ಅಷ್ಟು ದಿನ ಕೈಯಲ್ಲಿ ಹಿಡಿದು ನೋಡಿದ್ದು ಈಗ ನಮ್ಮನ್ನು ಹಿಡಿದು ನೋಡುತ್ತಿದೆ ಅನ್ನಿಸಿತು. ಹೆದರಿಕೆಯಲ್ಲ, ಭಕ್ತಿ ಅಂದರೂ ಪೂರ್ತಿ ಸರಿಯಲ್ಲ. ಮನುಷ್ಯರು ಇಂಥದ್ದನ್ನು ಮಾಡಿದ್ದಾರೆ, ನಾನೂ ಅದೇ ಮನುಷ್ಯ ಜಾತಿಗೆ ಸೇರಿದವಳು ಎನ್ನುವ ಒಂದು ಬೆರಗು.

ವೈದೇಹಮ್ಮ ಮೇಲೆ ನೋಡಲೇ ಇಲ್ಲ. ನೇರವಾಗಿ ದಡದ ಅಂಚಿಗೆ ಹೋಗಿ, ಹಗ್ಗ ಸುತ್ತಿದ್ದ ಗಿಡ್ಡ ಕಬ್ಬಿಣದ ಕಂಬದ ಹತ್ತಿರ ಬಗ್ಗಿದರು. ಹಗ್ಗ ಆಕೆಯ ತೋಳಿನಷ್ಟು ದಪ್ಪವಿತ್ತು. ಮುಟ್ಟಿ ಒತ್ತಿ ನೋಡಿದರು. ಮುಂದಿನ ಕಂಬಕ್ಕೂ ಹೋಗಿ ನೋಡಿ ಬಂದರು. ಕಾವಲಿನವನು ಏನು ಅಂತ ನನ್ನ ಮುಖ ನೋಡಿದ. “ಬಿಗಿಯಾಗಿದೆ,” ಅಂದರು ವೈದೇಹಮ್ಮ. ಆಮೇಲೆ ತಲೆ ಎತ್ತಿ ಹಡಗನ್ನು ನೋಡಿದರು. ಅವರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು.

ಏಣಿ ಹತ್ತಿ ಹಡಗಿನ ಬಾಗಿಲಿಗೆ ಬಂದಾಗ ಬಗ್ಗಿ ಹೊಸ್ತಿಲ ಕಬ್ಬಿಣವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಬಲಗಾಲಿಟ್ಟು ಒಳಗೆ ಹೋದರು. ಅಲ್ಲಿ ಕೋಲು ಊರಿಕೊಂಡು ಎತ್ತರದ, ಕೆಂಪು ಮುಖದ ಡಂಕನ್ ನಿಂತಿದ್ದರು. ನಮ್ಮ ಹಿಂದೆ ಮೂರನೆಯವರನ್ನು ಹುಡುಕಿದರು. ನನಗೆ ಬಂದ ಇಂಗ್ಲಿಷಿನಲ್ಲಿ ನದಿಯ ವಿಷಯ ಹೇಳಿದೆ. ಅವರು ಕೋಲಿನ ಮೇಲೆ ಎರಡೂ ಕೈ ಇಟ್ಟು ಕೇಳಿಸಿಕೊಂಡರು. ನೀರು ಏರುವಾಗ ಕಾವಲು ಬಿಟ್ಟು ಬರುವವನು ಆತ ಅಂತ ನಾನು ಅಂದುಕೊಂಡೇ ಇರಲಿಲ್ಲ, ಅಂದರು. ಆಮೇಲೆ ಕೋಲು ಊರುತ್ತ ನಮ್ಮ ಮುಂದೆ ನಡೆದರು.

ಅಡುಗೆಮನೆ ತೋರಿಸಿದರು. ಮಕ್ಕಳು ನಿಂತು ಸ್ನಾನ ಮಾಡುವಂಥ ಪಾತ್ರೆಗಳು. ಪಡಸಾಲೆ, ಓಣಿ, ಮೇಲಿನ ಈಜುಕೊಳ ಎಲ್ಲ ತೋರಿಸಿದರು. ತುತ್ತತುದಿಗೆ ಹೋಗಿ ನಿಂತಾಗ ಎದುರಿಗೆ ಕಡಲು. ಅದಕ್ಕೆ ಆಚೆ ದಡವೇ ಇರಲಿಲ್ಲ. ವೈದೇಹಮ್ಮ ನನ್ನ ಕೈ ಹಿಡಿದರು, ಬಿಡಲಿಲ್ಲ.

ಹೊರಡುವ ಹೊತ್ತಿಗೆ ಡಂಕನ್ ಗೊಜ್ಜಿನ ಡಬ್ಬಿಯನ್ನು ಎದೆಗೆ ಒತ್ತಿಕೊಂಡರು. ಕಾಫಿ ಬೇಡ, ಬಿಸ್ಕತ್ತು ಬೇಡ ಅಂದದ್ದಕ್ಕೆ ಬೇಜಾರಾಗಿ ಒಂದು ಗಾಜಿನ ಲೋಟದಲ್ಲಿ ನೀರು ತಂದರು. ಇದನ್ನಾದರೂ 'ಬೇಡ' ಅನ್ನಬೇಡಿ, ಇದು ಈ ಹಡಗಿನದೇ ನೀರು, ದಾರಿಯಲ್ಲಿ ಸಮುದ್ರದ ಉಪ್ಪುನೀರನ್ನು ಕಾಯಿಸಿ ಇಲ್ಲೇ ಸಿಹಿ ಮಾಡಿದ್ದು, ಇದೇ ಕೆಲಸ ನಾನು ಜೀವಮಾನವಿಡೀ ಮಾಡಿದ್ದು, ಅಂದರು. ನಾನು ಕನ್ನಡದಲ್ಲಿ ಹೇಳಿದೆ. ವೈದೇಹಮ್ಮ ಲೋಟ ನೋಡಿದರು, ಆ ಮುದುಕರ ಮುಖ ನೋಡಿದರು. ಕುಡಿಯುವಂತಿಲ್ಲ, ಕೊಟ್ಟ ನೀರನ್ನು ಬೇಡ ಎನ್ನುವಂತೆಯೂ ಇಲ್ಲ. ಚೀಲದಿಂದ ಖಾಲಿಯಾಗಿದ್ದ ಕೂಜ ತೆಗೆದು, ಮುಚ್ಚಳ ತಿರುಪಿ, ಮುಂದಕ್ಕೆ ಹಿಡಿದರು. “ಇದಕ್ಕೆ ಹಾಕೋಕೆ ಹೇಳು,” ಅಂದರು. ಡಂಕನ್ ಒಂದು ಹನಿಯೂ ಚೆಲ್ಲದಂತೆ ಸುರಿದರು.

ನಾವು ಪಟ್ಟಣಕ್ಕೆ ಮರಳಿದಾಗ ನದಿ ಇಳಿದಿತ್ತು. ಗುಡಿಯ ಮೆಟ್ಟಿಲ ಮೇಲೆಲ್ಲ ಮೊಣಕಾಲುದ್ದ ಕೆಸರು. ಆಚಾರ್ಯರು ಸನಿಕೆ ಹಿಡಿದು ಕೆಸರು ಎಳೆಯುತ್ತಿದ್ದರು. ಷಡ್ಡಕರು ನಮ್ಮನ್ನು ಕಂಡ ಕೂಡಲೇ ಶುರುಮಾಡಿದರು. ಗರ್ಭಗುಡಿಗೆ ನೀರು ನುಗ್ಗಿತಂತೆ. ಈ ಮನುಷ್ಯ ಎದೆಮಟ್ಟದ ನೀರಿನಲ್ಲಿ ನಿಂತು, ವಿಗ್ರಹದ ಭುಜ ಹಿಡಿದುಕೊಂಡು ಪೂಜೆ ಮಾಡಿದರಂತೆ. ಎಳೆದರೂ ಬರಲಿಲ್ಲವಂತೆ. ಆಚಾರ್ಯರು ಸನಿಕೆ ಗೋಡೆಗೆ ಒರಗಿಸಿ, ಕಟ್ಟೆಯ ಮೇಲೆ ಬಂದು ಕೂತರು. ತಮ್ಮತಮ್ಮಲ್ಲಿ ಅವರು ಅಯ್ಯಂಗಾರರ ತಮಿಳು ಆಡುವವರು. ನಾನು ಇದ್ದೆನೆಂದು ಕನ್ನಡದಲ್ಲೇ ಕೇಳಿದರು.

“ಹೇಗಿತ್ತೇ ಹಡಗು?”

ವೈದೇಹಮ್ಮ ಬಾಯಿ ತೆರೆದರು. ಕಣ್ಣಲ್ಲಿ ನೀರು ತುಂಬಿಕೊಂಡಿತು. “ನೀವು ನೋಡಬೇಕಿತ್ತು ರೀ,” ಅಂದರು, ಅಷ್ಟೇ. ನಾನು ಹೇಳೋಣ ಅಂತ ಹೊರಟೆ. ಎತ್ತರ ತೋರಿಸಲು ಎತ್ತಿದ ಕೈ ಸಾಲಲಿಲ್ಲ. ಆಚಾರ್ಯರು ನಮ್ಮಿಬ್ಬರ ಮುಖವನ್ನೂ ಸರದಿಯಂತೆ ನೋಡಿದರು. ಕಾರ್ಡು ನೋಡುವಾಗ ನೋಡುತ್ತಿದ್ದರಲ್ಲ, ಹಾಗೆ.

ಆಕೆ ಕೂಜ ತೆಗೆದು ಕಟ್ಟೆಯ ಮೇಲಿಟ್ಟು ವಿಷಯ ಹೇಳಿದರು. “ಕುಡಿಯೋಕಲ್ಲ. ನಿಮಗೆ ತೋರಿಸೋಣ ಅಂತ ತಂದೆ. ಗಿಡಕ್ಕೆ ಹಾಕಿಬಿಡ್ತೀನಿ.”

ಆಚಾರ್ಯರು ಕೂಜವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ನೀರು ಕುಲುಕಿತು.

ಷಡ್ಡಕರು, “ಬೇಡ. ದೊಡ್ಡೋರು ಏನಂದಿದ್ದಾರೆ, ಜ್ಞಾಪಕ ಇರ್ಲಿ,” ಅಂದರು.

“ನಾನು ಸಮುದ್ರ ದಾಟಲಿಲ್ಲ,” ಅಂದರು ಆಚಾರ್ಯರು. “ಅದೇ ದಾಟಿಕೊಂಡು ಬಂದಿದೆ.”

ಎದ್ದು ಹೋಗಿ ಕೈಯ ಕೆಸರನ್ನು ತೊಳೆದುಕೊಂಡು ಬಂದು ನಿಂತರು. ಊರಿನವರಿಗೆಲ್ಲ ದಿನವೂ ತೀರ್ಥ ಕೊಡುವ ಆ ಕೈಯನ್ನು ಬಟ್ಟಲು ಮಾಡಿ, ಕೆಳಗೆ ಉತ್ತರೀಯ ಹಿಡಿದು, ಹೆಂಡತಿಯ ಮುಂದೆ ಚಾಚಿದರು. ವೈದೇಹಮ್ಮ ಸ್ವಲ್ಪವೇ ಸುರಿದರು. ಆಚಾರ್ಯರು ಕಣ್ಣು ಮುಚ್ಚಿ ಕುಡಿದರು. ಒದ್ದೆ ಕೈಯನ್ನು ತಲೆಗೆ ಸವರಿಕೊಂಡರು.

“ಉಪ್ಪೇ ಇಲ್ಲ ಕಣೇ,” ಅಂದರು.